ಕಾಲು ಎತ್ತದೆ ಕುಣಿದ ಮಳೆಗಾಲ

ಕೊಡಗಿನಲ್ಲಿ ಜೂನ್ ಹಿಡಿಯಿತು ಅಂದರೆ ವಯಸ್ಸಾದವರ ವಾಕಿಂಗ್ ನಿಂತಿತು ಅಂತಲೇ ಲೆಕ್ಕ. ಸೋಮವಾರಪೇಟೆ ಕಡೆಯವರಿಗೆ, ಅದರಲ್ಲೂ ಶಾಂತಳ್ಳಿಗೆ ಹತ್ತಿರ ಇರುವ ನಮ್ಮಂಥವರಿಗೆ ಇದು ಇನ್ನೂ ಜಾಸ್ತಿ. ಪುಷ್ಪಗಿರಿ ಸಾಲಿಗೆ ಮೋಡ ಕವಿದರೆ ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಮೆಟ್ಟಿಲ ಮೇಲೆ ಪಾಚಿ, ಅಂಗಳದಲ್ಲಿ ಪಾಚಿ, ತೋಟದ ದಾರಿಯಲ್ಲಿ ಜಿಗಣೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಸೀರೆ ನೆರಿಗೆ. ಬೀಳುವ ಹಾಗಾದರೆ ಹಿಡಿದುಕೊಳ್ಳೋಕೆ ಮೂರನೇ ಕೈ ಎಲ್ಲಿಂದ ತರೋದು? ಹಾಗಾಗಿ ಸೆಪ್ಟೆಂಬರ್ ತನಕ ನಮ್ಮ ವಯಸ್ಸಿನವರೆಲ್ಲ ಒಲೆ ಹತ್ತಿರ ಕೂತು ಕಾಫಿ ಕುಡಿಯುತ್ತೇವೆ. ಮಳೆ ಬಿಟ್ಟ ಮೇಲೆ ಎದ್ದು ನೋಡಿದರೆ ಮಂಡಿ ಹಿಡಿದುಕೊಂಡಿರುತ್ತದೆ, ತೊಡೆಯಲ್ಲಿ ಶಕ್ತಿ ಇರುವುದಿಲ್ಲ.

ನನಗೆ ಈಗ 68. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದವಳು. ಮಗಳ ಒತ್ತಾಯಕ್ಕೆ ಮೈಸೂರಿನಲ್ಲಿ ಮೂಳೆ ಸಾಂದ್ರತೆಯ ಸ್ಕ್ಯಾನ್ ಮಾಡಿಸಿದ್ದೆ. ಡೆಕ್ಸಾ ಅಂತಾರಲ್ಲ, ಅದು. ಟಿ-ಸ್ಕೋರ್ ಮೈನಸ್ 1.9 ಬಂತು. ಮೈನಸ್ 1ಕ್ಕಿಂತ ಕೆಳಗೆ ಹೋದರೆ ಮೂಳೆ ಸವೆಯೋಕೆ ಶುರುವಾಗಿದೆ ಅಂತ, ಮೈನಸ್ 2.5 ಮುಟ್ಟಿದರೆ ಆಸ್ಟಿಯೋಪೊರೋಸಿಸ್ ಅಂತ. ನಾನು ನಡುವೆ ಇದ್ದೆ. ಡಾಕ್ಟರ್ ಗಾಬರಿ ಪಡಿಸಲಿಲ್ಲ. "ಮೂಳೆ ತೆಳ್ಳಗಿದೆ ಅನ್ನೋದಕ್ಕಿಂತ ನೀವು ಬೀಳಬಾರದು ಅನ್ನೋದು ಮುಖ್ಯ. ಕಾಲಿಗೆ ಶಕ್ತಿ ಬರಬೇಕು, ಬ್ಯಾಲೆನ್ಸ್ ಬರಬೇಕು" ಅಂದರು. ಆ ಮಾತು ತಲೆಯಲ್ಲಿ ಕೂತಿತು. ನಮ್ಮ ಊರಲ್ಲಿ ಸೊಂಟ ಮುರಿದುಕೊಂಡವರೆಲ್ಲ ಬೆಟ್ಟ ಹತ್ತುವಾಗ ಬಿದ್ದವರಲ್ಲ. ಬಚ್ಚಲಲ್ಲಿ, ಹಿತ್ತಲ ಮೆಟ್ಟಿಲಲ್ಲಿ, ಕೊಟ್ಟಿಗೆ ಬಾಗಿಲಲ್ಲಿ ಬಿದ್ದವರು.

ಮಗಳು ಬೆಂಗಳೂರಿನಿಂದ ಫೋನ್ ಮಾಡಿ, "ಅಮ್ಮಾ, ಮಿನಿ ಟ್ರ್ಯಾಂಪೊಲಿನ್ ಕಳಿಸ್ತೀನಿ, ಮನೆಯೊಳಗೇ ಮೆಲ್ಲಗೆ ಕುಣೀಬಹುದು" ಅಂದಳು. ಕಾಲಿರುವ ದುಂಡನೆ ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿದ ಬಟ್ಟೆ, ಅದರ ಮೇಲೆ ನಿಂತು ಕುಣಿಯುವುದು. ಮಕ್ಕಳು ಪಾರ್ಕಿನಲ್ಲಿ ಹಾರಾಡುವುದು ಕಣ್ಣ ಮುಂದೆ ಬಂತು. ಹುಚ್ಚಾ ಇವಳಿಗೆ ಅನ್ನಿಸಿತು. ನಮ್ಮ ಯಜಮಾನರಂತೂ ಪೇಪರ್ ಕೆಳಗಿಳಿಸಿ, "ಈ ವಯಸ್ಸಲ್ಲಿ ನೀನು ಹಾರಿದರೆ ಹೆಂಚೂ ಹೋಗುತ್ತೆ, ಸೊಂಟವೂ ಹೋಗುತ್ತೆ" ಅಂದರು. ನಮ್ಮದು ಹಳೇ ಹೆಂಚಿನ ಮನೆ. ಅಟ್ಟದ ತೊಲೆ ತಲೆಗೆ ಹತ್ತಿರವೇ ಇದೆ. ಅವರ ಮಾತಿನಲ್ಲೂ ಅರ್ಥ ಇತ್ತು ಅನ್ನಿ.

ವಸ್ತು ಬರುವ ಮೊದಲು ಯಾರನ್ನಾದರೂ ಕೇಳೋಣ ಅಂತ ಮಡಿಕೇರಿಗೆ ಹೋಗಿ ಒಬ್ಬ ಫಿಸಿಯೋಥೆರಪಿಸ್ಟನ್ನು ಕಂಡೆ. ಚಿಕ್ಕ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. ಟೀಚರ್ ಅಂತ ಗೊತ್ತಾದ ಕೂಡಲೇ ಎದ್ದು ನಿಂತು ಮಾತಾಡಿಸಿದಳು. ಕೊಡಗಿನಲ್ಲಿ ಆ ಮರ್ಯಾದೆ ಇನ್ನೂ ಇದೆ. ಮೊದಲು ಪರೀಕ್ಷೆ ಮಾಡಿದಳು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಬೀಳುವ ಅಪಾಯ ಇದೆ ಅಂತ ಎಣಿಸುತ್ತಾರೆ. ನನಗೆ 13 ಆಯಿತು. ನಡಿಗೆ ಸರಿಯಾಗಿಯೇ ಇತ್ತು, ತಿರುಗುವಾಗ ತಡವರಿಸುತ್ತಿದ್ದೆ. ಅದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಕೈ ಎದೆ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಕುರ್ಚಿಯಿಂದ ಏಳುತ್ತೀರಿ ಅಂತ ನೋಡಿದಳು. 65ರಿಂದ 69ರ ಹೆಂಗಸರು 11 ಸಲಕ್ಕಿಂತ ಕಡಿಮೆ ಎದ್ದರೆ ಕಾಲಿನ ಶಕ್ತಿ ಸಾಲದು ಅಂತ. ನಾನು ಆ ಗೆರೆಗಿಂತ ಕೆಳಗೇ ನಿಂತೆ. ಕೊನೆಗೆ ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದು ಪಾದದ ಬೆರಳಿಗೆ ತಾಗಿಸಿ ನಿಲ್ಲುವುದು. 10 ಸೆಕೆಂಡ್ ನಿಲ್ಲಬೇಕು. ಅರ್ಧದಲ್ಲೇ ಮೇಜು ಹಿಡಿದುಕೊಂಡೆ.

"ಟೀಚರ್, ಟ್ರ್ಯಾಂಪೊಲಿನ್ ಬೇಡ ಅಂತ ಹೇಳಲ್ಲ. ಆದ್ರೆ ಹಾರೋದು ಬೇಡ. ಪಾದ ಬಟ್ಟೆ ಬಿಟ್ಟು ಮೇಲೇಳಬಾರದು. ಅಷ್ಟಾದ್ರೆ ಸಾಕು" ಅಂದಳು.

ಯಾರು ಮಾಡಬಾರದು ಅನ್ನುವುದನ್ನೂ ಬಿಡಿಸಿ ಕೇಳಿದೆ. ಮೂಳೆ ತುಂಬ ಸವೆದವರು, ಬೆನ್ನುಮೂಳೆ ಕುಸಿದವರು, ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರು ಡಾಕ್ಟರ್ ಒಪ್ಪಿಗೆ ಇಲ್ಲದೆ ಹತ್ತಲೇಬಾರದು. ತಲೆಸುತ್ತು ಇರುವವರು, ಬಿಪಿ ಹತೋಟಿಯಲ್ಲಿ ಇಲ್ಲದವರು, ಹತ್ತಿರದಲ್ಲಿ ಕಣ್ಣಿನ ಆಪರೇಷನ್ ಆದವರು, ರೆಟಿನಾ ತೊಂದರೆ ಇರುವವರು, ಗರ್ಭಕೋಶ ಜಾರಿದವರು ಕೂಡ ಕೇಳಿಯೇ ಮಾಡಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದರೆ ಕಷ್ಟ. ಈ ಪಟ್ಟಿಯಲ್ಲಿ ನಮ್ಮ ಯಜಮಾನರು ಸಿಕ್ಕಿಬಿದ್ದರು. ಅವರಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆಸಿದ್ದೆವು. ಅವರಿಗೆ ಬೇರೆ ಹೇಳಿಕೊಟ್ಟಳು: ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಅವರಿಗೆ ಒಳಗೊಳಗೇ ಖುಷಿ ಅಂತ ನನಗೆ ಗೊತ್ತು. ಪೇಪರ್ ಓದುತ್ತಾ ಮಾಡಬಹುದಲ್ಲ.

ಮಗಳಿಗೆ ಯಾವುದು ಕಳಿಸಬೇಕು ಅಂತ ಸರಿಯಾಗಿ ಹೇಳಿದೆ. ಅಡ್ಡಗಲ 40 ಇಂಚು, ಅಂದರೆ ಸುಮಾರು ಒಂದು ಮೀಟರ್. ಮುಂದೆ ಹಿಡಿದುಕೊಳ್ಳೋಕೆ ಗಟ್ಟಿ ಕಂಬಿ ಇರಲೇಬೇಕು. ಸುತ್ತ ಸ್ಪ್ರಿಂಗ್ ಇರುವುದೂ ಸಿಗುತ್ತದೆ, ದಪ್ಪ ಎಲಾಸ್ಟಿಕ್ ಹಗ್ಗ ಇರುವುದೂ ಸಿಗುತ್ತದೆ. ಎಲಾಸ್ಟಿಕ್ಕಿನದಕ್ಕೆ ದುಡ್ಡು ಜಾಸ್ತಿ, ಆದರೆ ಮೆತ್ತಗೆ ಇಳಿದು ಮೆತ್ತಗೆ ಏಳುತ್ತದೆ, ಕಿರಗುಟ್ಟುವುದಿಲ್ಲ. ನಮ್ಮ ಮಳೆಗಾಲಕ್ಕೆ ಇನ್ನೊಂದು ಕಾರಣವೂ ಇತ್ತು. ಇಲ್ಲಿ ಕಬ್ಬಿಣ ಅನ್ನುವುದೆಲ್ಲ ಆಗಸ್ಟ್ ಹೊತ್ತಿಗೆ ತುಕ್ಕು ಹಿಡಿಯುತ್ತದೆ. ಎಷ್ಟು ಕಿಲೋ ತಡೆಯುತ್ತದೆ ಅಂತ ಡಬ್ಬದ ಮೇಲೆ ಬರೆದಿರುತ್ತಾರೆ, ಅದನ್ನೂ ನೋಡಬೇಕು. ನಮ್ಮ ತೂಕಕ್ಕಿಂತ ಸಾಕಷ್ಟು ಜಾಸ್ತಿ ಇರಲಿ.

ಕೊರಿಯರ್‌ನವರು ಸೋಮವಾರಪೇಟೆ ತನಕ ತಂದು ಕೈ ತೊಳೆದುಕೊಂಡರು. ಅಲ್ಲಿಂದ ಜೀಪಿನಲ್ಲಿ ಗೊಬ್ಬರದ ಮೂಟೆ ಜೊತೆ ಬಂತು. ಜೋಡಿಸೋಕೆ ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಸಹಾಯ ಮಾಡಿದರು. ಆ ಎಲಾಸ್ಟಿಕ್ ಹಗ್ಗ ಎಳೆದು ಕೊಕ್ಕೆಗೆ ಸಿಕ್ಕಿಸುವುದು ಮುದುಕರ ಕೈಯಲ್ಲಿ ಆಗುವ ಕೆಲಸವಲ್ಲ, ಮೊದಲೇ ಹೇಳಿಬಿಡುತ್ತೇನೆ.

ಎಲ್ಲಿ ಇಡುವುದು ಅನ್ನುವುದಕ್ಕೇ ಮನೆಯಲ್ಲಿ ಒಂದು ದಿನ ಚರ್ಚೆ ಆಯಿತು. ಜಗಲಿಗೆ ಮಳೆ ಎರಚಲು ಹೊಡೆಯುತ್ತದೆ. ಹಾಲಿನಲ್ಲಿ ಕೆಂಪು ಕಾವಿ ನೆಲ, ಮಳೆಗಾಲದಲ್ಲಿ ನೆಲವೇ ಬೆವರುತ್ತದೆ, ಟ್ರ್ಯಾಂಪೊಲಿನ್‌ನ ಕಾಲುಗಳು ಜಾರುತ್ತವೆ. ಕೊನೆಗೆ ಹಾಲಿನ ಮೂಲೆಯಲ್ಲಿ, ಎರಡು ಕಡೆ ಗೋಡೆ ಸಿಗುವ ಹಾಗೆ, ತೊಲೆ ತಪ್ಪಿಸಿ ಇಟ್ಟೆವು. ಕೆಳಗೆ ದನದ ಕೊಟ್ಟಿಗೆಗೆ ಅಂತ ತಂದಿದ್ದ ರಬ್ಬರ್ ಮ್ಯಾಟ್ ಕತ್ತರಿಸಿ ಹಾಸಿದೆವು. ಅದು ಅಲುಗಾಡಲೇ ಇಲ್ಲ. ಹತ್ತಿ ಇಳಿಯೋಕೆ ಪಕ್ಕದಲ್ಲಿ ಅಗಲವಾದ ಮಣೆ.

ಈ ಹತ್ತಿ ಇಳಿಯುವ ವಿಷಯ ಯಾರೂ ಸರಿಯಾಗಿ ಹೇಳುವುದಿಲ್ಲ. ವಿಡಿಯೋಗಳಲ್ಲಿ ಎಲ್ಲರೂ ಮೇಲೆ ನಿಂತೇ ಇರುತ್ತಾರೆ, ನಗುತ್ತಾ. ನನ್ನ ಪ್ರಕಾರ ಅಪಾಯ ಇರುವುದು ಮೇಲೆ ನಿಂತಾಗ ಅಲ್ಲ, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇರುವ ಆ ಕ್ಷಣದಲ್ಲಿ. ಫಿಸಿಯೋ ಹುಡುಗಿ ಮೊದಲ ಪಾಠವಾಗಿ ಅದನ್ನೇ ಮಾಡಿಸಿದಳು. ಎರಡೂ ಕೈ ಕಂಬಿಯ ಮೇಲೆ. ಗಟ್ಟಿ ಇರುವ ಕಾಲು ಮೊದಲು, ಅದನ್ನು ಬಟ್ಟೆಯ ನಡುವೆ ಇಡಬೇಕು, ಅಂಚಿಗಲ್ಲ. ಆಮೇಲೆ ಇನ್ನೊಂದು. ಇಳಿಯುವಾಗ ತಿರುಗಬಾರದು, ಹಿಂದಕ್ಕೇ ಇಳಿಯಬೇಕು, ಕೈ ಬಿಡಬಾರದು. ಕೆಲವು ದಿನ ನಾನು ಮಾಡಿದ್ದು ಇಷ್ಟೇ. ಹತ್ತುವುದು, ನಿಲ್ಲುವುದು, ಇಳಿಯುವುದು.

ಸುಮ್ನೆ ನಿಲ್ಲುವುದು ಅಂದರೆ ಏನೂ ಅಲ್ಲ ಅಂದುಕೊಂಡಿದ್ದೆ. ನಿಂತಾಗ ಗೊತ್ತಾಯಿತು. ನಾಟಿ ಗದ್ದೆಯ ಕೆಸರಿಗೆ ಕಾಲಿಟ್ಟ ಹಾಗೆ, ಪಾದ ಎಲ್ಲಿ ಊರಿತು ಅಂತಲೇ ತಿಳಿಯುವುದಿಲ್ಲ. ಹೆಬ್ಬೆರಳು ತಾನಾಗಿ ಬಟ್ಟೆಯನ್ನು ಕಚ್ಚಿ ಹಿಡಿಯುತ್ತದೆ. ಪಾದದ ಕೀಲು ಒಳಗೆ ಹೊರಗೆ ಸಣ್ಣಗೆ ನಡುಗುತ್ತಲೇ ಇರುತ್ತದೆ. ಐದು ನಿಮಿಷಕ್ಕೆ ಮೀನಖಂಡ ಬಿಗಿದು, ರಾತ್ರಿ ಹಾಸಿಗೆಯಲ್ಲಿ ನೋವು ಬಂತು. ಒಂದು ಹೆಜ್ಜೆ ನಡೆದಿಲ್ಲ, ಒಂದು ಸಲ ಕುಣಿದಿಲ್ಲ!

ಇದನ್ನು ಮಕ್ಕಳಿಗೆ ಪಾಠ ಮಾಡಿದ್ದೇನೆ, ಆದರೆ ನನ್ನ ಮೈಯಲ್ಲಿ ಕಂಡದ್ದು ಆಗಲೇ. ನಾವು ಬೀಳದೆ ನಿಲ್ಲೋಕೆ ಮೂರು ಕಡೆಯಿಂದ ಸುದ್ದಿ ಬರಬೇಕು. ಕಣ್ಣಿನಿಂದ ಒಂದು. ಒಳಕಿವಿಯಿಂದ ಒಂದು, ಅಲ್ಲಿ ಸುಣ್ಣದ ಸಣ್ಣ ಸಣ್ಣ ಹರಳುಗಳಿವೆ, ತಲೆ ಮೇಲೆ ಕೆಳಗೆ ಹೋದಾಗ ಅವು ಅಲುಗಿ ಮಿದುಳಿಗೆ ತಿಳಿಸುತ್ತವೆ. ಅಂಗಾಲು, ಕೀಲು, ಸ್ನಾಯುಗಳಿಂದ ಇನ್ನೊಂದು. ವಯಸ್ಸಾದಂತೆ ಮೂರೂ ಮಂದವಾಗುತ್ತವೆ. ಸಮ ನೆಲದಲ್ಲಿ ಓಡಾಡುವಾಗ ಅದು ಗೊತ್ತಾಗುವುದಿಲ್ಲ. ಮೆತ್ತನೆ ಬಟ್ಟೆಯ ಮೇಲೆ ನಿಂತರೆ ಮೂರಕ್ಕೂ ಒಟ್ಟಿಗೆ ಕೆಲಸ.

ಕಣ್ಣಿನ ಪಾಲು ಎಷ್ಟು ಅಂತ ಕರೆಂಟ್ ಹೋದಾಗ ತಿಳಿಯಿತು. ಮಳೆಗಾಲದ ಸಂಜೆ, ಇನ್ವರ್ಟರ್ ಹಿಂದಿನ ದಿನವೇ ಕೈ ಕೊಟ್ಟಿತ್ತು. ನಾನು ಮೇಲೆ ನಿಂತಿದ್ದಾಗ ದೀಪ ಆರಿತು. ಅಷ್ಟೇ, ಎಲ್ಲಿ ಮೇಲೆ, ಎಲ್ಲಿ ಕೆಳಗೆ ಗೊತ್ತಾಗದ ಹಾಗೆ ಮೈ ಎಡಕ್ಕೆ ವಾಲಿತು. ಕಂಬಿಯನ್ನು ಎಷ್ಟು ಬಿಗಿ ಹಿಡಿದೆ ಅಂದರೆ ಬಳೆ ಮಣಿಕಟ್ಟಿಗೆ ಒತ್ತಿ ಗುರುತು ಬಿತ್ತು. "ರೀ, ಟಾರ್ಚ್ ತನ್ನಿ!" ಅಂತ ಕೂಗಿದೆ. ಅವರು ಟಾರ್ಚ್ ಹುಡುಕಿ ಬರುವ ತನಕ ಮಂಡಿ ಬಗ್ಗಿಸಿ ಹಾಗೇ ನಿಂತಿದ್ದೆ. ಅವತ್ತಿನಿಂದ ಬೆಳಗ್ಗೆ ಹೊತ್ತೇ ಮಾಡುವುದು, ತಿಂಡಿಗೆ ಮೊದಲು, ಬೆಳಕು ಚೆನ್ನಾಗಿರುವಾಗ. ನೋಡೋಕೆ ಎದುರಿಗೆ ಗೋಡೆ ಕ್ಯಾಲೆಂಡರ್ ಇದೆ. ಕಣ್ಣು ಅದರ ಒಂದು ತಾರೀಖಿನ ಮೇಲೆ ನೆಟ್ಟರೆ ಮೈ ಅಲುಗಾಟ ಅರ್ಧಕ್ಕರ್ಧ ಕಡಿಮೆ.

ನಿಲ್ಲುವುದು ರೂಢಿಯಾದ ಮೇಲೆ ಭಾರವನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸರಿಸುವುದು. ಆಮೇಲೆ ಹಿಮ್ಮಡಿ ಒಂದೊಂದಾಗಿ ಎತ್ತುವುದು, ನಿಂತಲ್ಲೇ ನಡೆದ ಹಾಗೆ. ಅದೂ ಸಲೀಸಾದ ಮೇಲೆ ಅಸಲಿ ಕೆಲಸ. ಪಾದ ಸೊಂಟದಷ್ಟು ಅಗಲ, ಮಂಡಿ ಬಿಗಿ ಇಲ್ಲ, ಹಿಮ್ಮಡಿಯಿಂದ ಬಟ್ಟೆಯನ್ನು ಕೆಳಕ್ಕೆ ಒತ್ತಬೇಕು. ಮೇಲಕ್ಕೆ ಹೋಗೋಕೆ ಪ್ರಯತ್ನ ಪಡಬಾರದು. ಒತ್ತಿದರೆ ಸಾಕು, ಬಟ್ಟೆ ತಾನೇ ಎತ್ತುತ್ತದೆ. ಪಾದ ಬಟ್ಟೆಗೆ ಅಂಟಿಯೇ ಇರುತ್ತದೆ, ಮೈ ಮಾತ್ರ ಮೇಲೆ ಕೆಳಗೆ. ಹೊರಗಿನಿಂದ ನೋಡಿದವರಿಗೆ ನಾನು ತಲೆ ಅಲ್ಲಾಡಿಸುತ್ತಾ ನಿಂತ ಹಾಗೆ ಕಾಣುತ್ತದೆ. ಕಿಟಕಿಯಿಂದ ಕಂಡ ಕೆಲಸದ ಹೆಂಗಸರು ಮೊದಲ ವಾರ ಬಾಯಿಗೆ ಸೆರಗು ಹಿಡಿದು ನಕ್ಕರು. ಎರಡನೇ ವಾರ ಒಬ್ಬಳು ಒಳಗೆ ಬಂದು, "ಇದರಿಂದ ಸೊಂಟ ನೋವು ಹೋಗ್ತದಾ ಟೀಚರೇ?" ಅಂತ ಕೇಳಿದಳು. ದಿನವಿಡೀ ಬಗ್ಗಿ ಕಳೆ ತೆಗೆಯುವವಳಿಗೆ ನಾನು ಇದನ್ನು ಹೇಳೋಕೆ ಹೋಗಲಿಲ್ಲ. ಅವಳಿಗೆ ಬೇಕಾದದ್ದು ವಿಶ್ರಾಂತಿ.

ಎಷ್ಟು ಹೊತ್ತು ಅಂತ ಗಡಿಯಾರ ನೋಡುವುದು ನನಗೆ ಬೇಜಾರು. ಆಕಾಶವಾಣಿ ಮಡಿಕೇರಿ ಹಾಕಿಕೊಂಡು, ಒಂದು ಹಾಡು ಮುಗಿಯುವ ತನಕ ಮಾಡಿ, ನಿಂತು, ಉಸಿರು ಸುಧಾರಿಸಿಕೊಂಡು, ಇನ್ನೊಂದು ಹಾಡು. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟೇ ದಣಿವು ಸಾಕು ಅಂತ ಫಿಸಿಯೋ ಹೇಳಿದ್ದಳು. ಬರಿಗಾಲೇ ಒಳ್ಳೆಯದು. ಚಳಿಗೆ ಉಣ್ಣೆ ಸಾಕ್ಸ್ ಹಾಕಿಕೊಂಡರೆ ಜಾರುತ್ತದೆ. ಸೀರೆಯಲ್ಲಿ ಬೇಡವೇ ಬೇಡ. ನಾನು ಈ ವಯಸ್ಸಿನಲ್ಲಿ ಚೂಡಿದಾರ್ ಹೊಲಿಸಿದ್ದು ಇದಕ್ಕಾಗಿಯೇ.

ಇಳಿದ ಮೇಲೆ ಒಂದು ವಿಚಿತ್ರ ಇದೆ. ನೆಲ ಕಲ್ಲಿನಷ್ಟು ಗಟ್ಟಿ ಅನ್ನಿಸುತ್ತದೆ, ಕಾಲು ಸೀಸ ತುಂಬಿದಷ್ಟು ಭಾರ. ಅರ್ಧ ನಿಮಿಷದಲ್ಲಿ ಸರಿಹೋಗುತ್ತದೆ. ಆದರೆ ಆ ಅರ್ಧ ನಿಮಿಷ ಕಂಬಿ ಬಿಡಬಾರದು. ಒಲೆ ಮೇಲೆ ಹಾಲು ಉಕ್ಕುತ್ತಿದ್ದರೂ ಉಕ್ಕಲಿ.

ಇನ್ನು ಹೆಂಗಸರು ಬಾಯಿ ಬಿಟ್ಟು ಹೇಳದ ಒಂದು ಮಾತು. ಮೆಲ್ಲಗೆ ಕುಣಿಯೋಕೆ ಶುರು ಮಾಡಿದಾಗ ಎರಡು ಹನಿ ಮೂತ್ರ ಜಾರಿತು. ಕೆಮ್ಮಿದಾಗ, ಸೀನಿದಾಗ ಮೊದಲೂ ಆಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಮಗಳಿಗೂ. ಇದೇ ಕಾರಣಕ್ಕೆ ಬಿಟ್ಟುಬಿಡೋಣ ಅನ್ನಿಸಿತು. ಅಷ್ಟು ಹೊತ್ತಿಗೆ ಮಳೆ ಜೋರಾಗಿತ್ತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡವರು ನಾವು, ಅಂಥ ಮಳೆಯಲ್ಲಿ ಮಾದಾಪುರದ ಮೇಲೆ ಮಡಿಕೇರಿಗೆ ಹೋಗೋಕೆ ಧೈರ್ಯ ಬರುವುದಿಲ್ಲ. ಫೋನಿನಲ್ಲೇ, ಯಜಮಾನರು ಕೊಟ್ಟಿಗೆಗೆ ಹೋದ ಹೊತ್ತು ನೋಡಿ, ಫಿಸಿಯೋಗೆ ಹೇಳಿದೆ. ಅವಳಿಗೆ ಏನೂ ಆಶ್ಚರ್ಯ ಇಲ್ಲ. "ಹೆರಿಗೆ ಆದವರಲ್ಲಿ ಇದು ತುಂಬ ಜನಕ್ಕೆ ಇರ್ತದೆ ಟೀಚರ್. ಮೂತ್ರ ತಡೆಯೋ ಹಾಗೆ ಆ ಸ್ನಾಯುವನ್ನು ಒಳಕ್ಕೆ ಮೇಲಕ್ಕೆ ಎಳೆದುಕೊಳ್ಳಿ, ಐದು ಎಣಿಸಿ, ಬಿಡಿ. ಕೂತಲ್ಲಿ ಮಾಡಬಹುದು. ಅದು ಗಟ್ಟಿಯಾಗೋ ತನಕ ಕುಣಿಯೋದು ನಿಲ್ಲಿಸಿ, ಬರೀ ಭಾರ ಸರಿಸೋದು ಮಾಡಿ" ಅಂದಳು. ತರಕಾರಿ ಹೆಚ್ಚುವಾಗ, ಟಿವಿ ನೋಡುವಾಗ ಅದನ್ನೇ ಮಾಡಿದೆ. ಕೊಡವರ ಕಕ್ಕಡ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಪೂರ್ತಿ ಅದರಲ್ಲೇ ಕಳೆಯಿತು. ಆಮೇಲೆ ಮತ್ತೆ ಕುಣಿಯೋಕೆ ಶುರು ಮಾಡಿದೆ, ಹತ್ತುವ ಮೊದಲು ಬಚ್ಚಲಿಗೆ ಹೋಗಿ ಬಂದು. ಪೂರ್ತಿ ನಿಂತಿದೆ ಅನ್ನಲಾರೆ, ಆದರೆ ಸೀನು ಬಂದರೆ ಮೊದಲಿನ ಹೆದರಿಕೆ ಇಲ್ಲ. ನಿಜ ಹೇಳಬೇಕು ಅಂದರೆ ಈ ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಇದೇ ಇರಬಹುದು, ಟ್ರ್ಯಾಂಪೊಲಿನ್ ಬರೀ ನೆಪ.

ಕಕ್ಕಡ ಅಂದಾಗ ನೆನಪಾಯಿತು. 18ನೇ ಕಕ್ಕಡಕ್ಕೆ ಪಕ್ಕದ ತೋಟದ ಅಕ್ಕ ಮದ್ದುಸೊಪ್ಪಿನ ಪಾಯಸ ತಂದುಕೊಟ್ಟರು. ಕೊಡವರ ಮನೆಯಲ್ಲಿ ಆ ದಿನ ಅದನ್ನು ಮಾಡದೆ ಇರುವುದಿಲ್ಲ. ನೇರಳೆ ಬಣ್ಣ, ಬಿಸಿ ಬಿಸಿ. ಪಾಯಸ ಕೊಟ್ಟವರೇ ಮೂಲೆಯಲ್ಲಿದ್ದದ್ದನ್ನು ಕಂಡು, "ನಾನೂ ಒಮ್ಮೆ ಹತ್ತಿ ನೋಡ್ತೇನೆ ಟೀಚರೇ" ಅಂತ ಚಪ್ಪಲಿ ಬಿಟ್ಟರು. ಅವರಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಮನೆ ಗರಗರ ತಿರುಗುವ ತೊಂದರೆ ಇರುವುದು ನನಗೆ ಗೊತ್ತಿತ್ತು. ಒಳಕಿವಿಯ ಆ ಹರಳು ಜಾಗ ತಪ್ಪಿದರೆ ಹಾಗೆ ಆಗುತ್ತದೆ. "ಅಕ್ಕ, ಬೈಬೇಡಿ, ನಿಮಗೆ ಇದು ಆಗೋದಿಲ್ಲ. ಮೊದಲು ಕಿವಿ ಡಾಕ್ಟರನ್ನ ನೋಡಿ, ತಲೆ ತಿರುಗಿಸಿ ಮಲಗಿಸಿ ಆ ಹರಳನ್ನ ಜಾಗಕ್ಕೆ ತರೋ ಉಪಾಯ ಇದೆಯಂತೆ" ಅಂದೆ. ಮುಖ ಸ್ವಲ್ಪ ಸಣ್ಣದಾಯಿತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಡಾಕ್ಟರ ಹತ್ತಿರ ಹೋಗಿ ಬಂದರು. ಈಗ ತಿರುಗುವುದು ನಿಂತಿದೆ. ಹತ್ತುತ್ತೇನೆ ಅಂತ ಮಾತ್ರ ಮತ್ತೆ ಕೇಳಲಿಲ್ಲ.

ಈ ಮಧ್ಯೆ ವಾಟ್ಸಾಪ್ ಕಾಟ. ನಾನು ಇದನ್ನು ಮಾಡುತ್ತಿದ್ದೇನೆ ಅಂತ ಗೊತ್ತಾದ ಕೂಡಲೇ ನೆಂಟರೆಲ್ಲ ಕಳಿಸೋಕೆ ಶುರು ಮಾಡಿದರು. ನಾಸಾ ಹೇಳಿದೆ, ಓಡುವುದಕ್ಕಿಂತ ಇದು ಇಷ್ಟು ಪಟ್ಟು ಮೇಲು ಅಂತ. ದುಗ್ಧರಸ, ಅಂದರೆ ಲಿಂಫ್, ಹರಿದು ಮೈಯ ವಿಷವೆಲ್ಲ ಹೊರಗೆ ಹೋಗುತ್ತದೆ, ಕ್ಯಾನ್ಸರ್ ಬರುವುದಿಲ್ಲ ಅಂತ. ವಿಜ್ಞಾನದ ಟೀಚರಿಗೆ ಇಂಥದ್ದು ಕಳಿಸಿದರೆ ಸುಮ್ಮನಿರೋಕೆ ಆಗುತ್ತದಾ? ನಾಸಾದವರು ಮಾಡಿದ ಪ್ರಯೋಗ ನಿಜ, 1980ರಲ್ಲಿ ಪ್ರಕಟವಾದದ್ದು. ಅದರಲ್ಲಿ ಇದ್ದದ್ದು ಎಂಟೇ ಜನ, ಎಲ್ಲ 19ರಿಂದ 26ರ ಹುಡುಗರು. ಆಕಾಶಕ್ಕೆ ಹೋಗಿ ಬಂದವರ ಮೈ ಸಡಿಲವಾಗುತ್ತದಲ್ಲ, ಅದಕ್ಕೆ ಯಾವ ವ್ಯಾಯಾಮ ಸರಿ ಅಂತ ನೋಡೋಕೆ ಮಾಡಿದ್ದು. ಕಾಲಿನ ಕೀಲು, ಬೆನ್ನು, ಹಣೆ, ಮೂರು ಕಡೆ ಎಷ್ಟು ಹೊಡೆತ ಬೀಳುತ್ತದೆ ಅಂತ ಅಳೆದರು. ಓಡುವಾಗ ಹೊಡೆತವೆಲ್ಲ ಕಾಲಿಗೇ ಜಾಸ್ತಿ, ಟ್ರ್ಯಾಂಪೊಲಿನ್‌ನಲ್ಲಿ ಮೈಗೆಲ್ಲ ಹಂಚಿಹೋಗುತ್ತದೆ. ಒಳ್ಳೇ ವಿಷಯವೇ. ಆದರೆ ಅವರು ಹಾರಿದ್ದು ನಿಜವಾದ ಹಾರಾಟ, ನಾನು ಮಾಡುವುದು ಹಾರಾಟವೇ ಅಲ್ಲ. 68ರ ಹೆಂಗಸಿನ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇಲ್ಲ.

ದುಗ್ಧರಸದ ಮಾತೂ ಹೀಗೇ ಅರ್ಧ ಸತ್ಯ. ಅದಕ್ಕೆ ಹೃದಯದಂಥ ಪಂಪ್ ಇಲ್ಲ, ಸ್ನಾಯು ಅಲುಗಿದಾಗ, ಉಸಿರಾಡಿದಾಗ ಮುಂದೆ ಸರಿಯುತ್ತದೆ ಅನ್ನುವುದು ಸರಿ. ಆದರೆ ಅದು ನಡೆದರೂ ಸರಿಯುತ್ತದೆ, ಕಸ ಗುಡಿಸಿದರೂ ಸರಿಯುತ್ತದೆ. ವಿಷ ತೆಗೆಯುವ ಕೆಲಸಕ್ಕೆ ಲಿವರ್, ಕಿಡ್ನಿ ಇವೆ. ಇಷ್ಟನ್ನೂ ಟೈಪ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಒಬ್ಬರು ಕೈ ಮುಗಿಯುವ ಚಿತ್ರ ಹಾಕಿದರು. ಮಾರನೇ ದಿನ ಅದೇ ನಾಸಾ ಇನ್ನೊಬ್ಬರಿಂದ ಬಂತು.

ವಯಸ್ಸಾದವರನ್ನೇ ಇಟ್ಟುಕೊಂಡು ಮಾಡಿದ ಪ್ರಯೋಗಗಳೂ ಇವೆ, ಅವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ! 2011ರಲ್ಲಿ ಪ್ರಕಟವಾದ ಒಂದರಲ್ಲಿ, 14 ವಾರ ಮಿನಿ ಟ್ರ್ಯಾಂಪೊಲಿನ್ ಮಾಡಿದ ಹಿರಿಯರು ಮುಂದಕ್ಕೆ ಮುಗ್ಗರಿಸುವಾಗ ಮೊದಲಿಗಿಂತ ಚೆನ್ನಾಗಿ ಸಾವರಿಸಿಕೊಂಡರು. 2019ರದ್ದು ನನ್ನ ಹಾಗೆ ಮೂಳೆ ಸ್ವಲ್ಪ ಸವೆದ ಹೆಂಗಸರ ಮೇಲೆ, 12 ವಾರ, ವಾರಕ್ಕೆ ಎರಡು ಸಲ. ಅವರ ಬ್ಯಾಲೆನ್ಸ್, ನಡಿಗೆ ಸುಧಾರಿಸಿತು, ಬೀಳುತ್ತೇವೆ ಅನ್ನುವ ಹೆದರಿಕೆ ಕಡಿಮೆಯಾಯಿತು. ಎರಡರಲ್ಲೂ ಪಕ್ಕದಲ್ಲಿ ತಿಳಿದವರು ನಿಂತು ಮಾಡಿಸಿದ್ದು. ಇದು ನನಗೆ ನಂಬುವ ಹಾಗೆ ಕಾಣುತ್ತದೆ. ಯಾಕೆಂದರೆ ಇದರಲ್ಲಿ ಪವಾಡ ಏನೂ ಇಲ್ಲ. ಅಲುಗುವ ಜಾಗದಲ್ಲಿ ಮತ್ತೆ ಮತ್ತೆ ನಿಂತರೆ ಕಾಲು ಬೇಗ ಉತ್ತರ ಕೊಡೋಕೆ ಕಲಿಯುತ್ತದೆ.

ನನಗೂ ಅಷ್ಟೇ ಆದದ್ದು. ಮಂಡಿ ನೋವು ಹೋಗಿಲ್ಲ. ತೂಕ ಇಳಿದಿಲ್ಲ, ಒಲೆ ಹತ್ತಿರ ಕೂತು ತಿಂದ ಹಲಸಿನ ಹಪ್ಪಳಕ್ಕೆ ಟ್ರ್ಯಾಂಪೊಲಿನ್ ಏನು ಮಾಡೀತು? ಮೂಳೆ ಗಟ್ಟಿಯಾಯಿತಾ ಅಂದರೆ, ಸ್ಕ್ಯಾನ್ ಇನ್ನೂ ಮಾಡಿಸಿಲ್ಲ, ಅದಕ್ಕೆ ಒಂದೆರಡು ವರ್ಷ ಬಿಡಬೇಕು ಅಂದಿದ್ದಾರೆ. ಅಲ್ಲದೆ ಪಾದ ಎತ್ತದೆ ಮಾಡುವಾಗ ಮೂಳೆಗೆ ಬೀಳುವ ಭಾರ ಸ್ವಲ್ಪವೇ, ಮೂಳೆಗೆ ಅಂತ ಬೇರೆ ಮೆಟ್ಟಿಲು ಹತ್ತಿಳಿಯುವುದು, ಕೈಯಲ್ಲಿ ನೀರಿನ ಬಾಟಲಿ ಎತ್ತುವುದು ಮಾಡಬೇಕು ಅಂತ ಫಿಸಿಯೋ ಮೊದಲೇ ಹೇಳಿದ್ದಳು. ಮಾಡುತ್ತಿದ್ದೇನೆ, ಅಷ್ಟು ಆಸಕ್ತಿಯಿಂದ ಅಲ್ಲ.

ಬದಲಾದದ್ದು ಸಣ್ಣ ಸಣ್ಣ ಕಡೆ. ಚೂಡಿದಾರದ ಪ್ಯಾಂಟನ್ನು ನಿಂತೇ ಹಾಕಿಕೊಳ್ಳುತ್ತೇನೆ, ಮೊದಲು ಮಂಚದ ಮೇಲೆ ಕೂರಬೇಕಿತ್ತು. ಸರ್ಕಾರಿ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಅಂತ ಗೊತ್ತಲ್ಲ, ಕಂಡಕ್ಟರ್ ಕೈ ಕೊಡದೆ ಹತ್ತಿದೆ. ಕಾಫಿ ಕಣದಲ್ಲಿ ಸ್ಪ್ರಿಂಕ್ಲರ್ ಪೈಪ್ ಅಡ್ಡ ಬಿದ್ದಿದ್ದರೆ ಸುತ್ತು ಹಾಕಿ ಹೋಗುತ್ತಿದ್ದವಳು ದಾಟಿ ಹೋಗುತ್ತೇನೆ. ಇದನ್ನು ನಾನು ಗಮನಿಸಿರಲಿಲ್ಲ. ಯಜಮಾನರು ನೋಡಿ, "ಏನು, ಪೈಪ್ ದಾಟೋಕೆ ಶುರು ಮಾಡಿದ್ದೀಯ?" ಅಂದ ಮೇಲೆ ತಿಳಿದದ್ದು.

ಅಕ್ಟೋಬರಿನ ಕಾವೇರಿ ಸಂಕ್ರಮಣ ಕಳೆದು ಮಳೆ ತಗ್ಗಿದ ಮೇಲೆ ಮಡಿಕೇರಿಗೆ ಹೋಗಿ ಮತ್ತೆ ಪರೀಕ್ಷೆ ಕೊಟ್ಟೆ. ಎದ್ದು ನಡೆದು ಬಂದು ಕೂರುವುದು 10 ಸೆಕೆಂಡಿಗೆ ಇಳಿದಿತ್ತು. ಕುರ್ಚಿಯಿಂದ ಏಳುವುದು ಗೆರೆ ದಾಟಿತ್ತು. ಪಾದದ ಮುಂದೆ ಪಾದ ಇಟ್ಟು ನಿಲ್ಲುವುದು ಮಾತ್ರ ಎಡಗಾಲು ಹಿಂದೆ ಇದ್ದಾಗ ಆಗುತ್ತದೆ, ಬಲಗಾಲು ಹಿಂದೆ ಇದ್ದಾಗ ಇನ್ನೂ ಮೇಜಿನ ಕಡೆ ಕೈ ಹೋಗುತ್ತದೆ. ಫಿಸಿಯೋ ಹುಡುಗಿ ನನ್ನ ಹಳೇ ಕಾಗದದ ಪಕ್ಕದಲ್ಲಿ ಹೊಸ ಅಂಕಿ ಬರೆದು ತೋರಿಸಿದಳು. ಜೀವಮಾನವಿಡೀ ಬೇರೆಯವರಿಗೆ ಅಂಕ ಹಾಕಿದವಳು ನಾನು, ಆ ಕಾಗದವನ್ನು ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡೆ.

ಎಲಾಸ್ಟಿಕ್ ಹಗ್ಗದ ಬಗ್ಗೆ ಒಂದು ಎಚ್ಚರಿಕೆ. ಮಳೆಗಾಲದ ತೇವಕ್ಕೆ ಬಟ್ಟೆಯ ಅಂಚಿನಲ್ಲಿ ಬೂಷ್ಟು ಬಂದಿತ್ತು. ವಿನಿಗರ್ ನೀರಲ್ಲಿ ಒರೆಸಿ, ಒಲೆಯ ಬಿಸಿ ತಾಗುವ ಹಾಗೆ ಆದರೆ ದೂರದಲ್ಲಿ ಒಣಗಿಸಿದೆವು. ಒಂದು ಹಗ್ಗ ನೂಲು ಬಿಟ್ಟಿತ್ತು, ಬದಲಿಸಿದೆವು. ವಾರಕ್ಕೊಮ್ಮೆ ಸುತ್ತ ಕೈಯಾಡಿಸಿ ನೋಡುವ ಅಭ್ಯಾಸ ಬೇಕು. ಕಂಬಿಯ ಬೋಲ್ಟ್ ಕೂಡ ಸಡಿಲವಾಗುತ್ತದೆ, ಅದು ರೈಟರ ಕೆಲಸ.

ಈಗ ಬಿಸಿಲು ಬಂದಿದೆ, ಬೆಳಗ್ಗೆ ಮಂಜು ಇಳಿದ ಮೇಲೆ ರಸ್ತೆ ತನಕ ನಡೆಯುತ್ತೇನೆ. ದಿನ ಬಿಟ್ಟು ದಿನ ಮಾತ್ರ ಮೂಲೆಗೆ ಹೋಗುತ್ತೇನೆ. ಮುಂದಿನ ಪಾಠ ಅಂತ ಮೆಲ್ಲಗೆ ಕುಣಿಯುತ್ತಾ ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದು ಕೊಟ್ಟಿದ್ದಾಳೆ. ಪೇಟೆಯಲ್ಲಿ ಯಾರೋ ಕರೆದಾಗ ತಿರುಗಿ ನೋಡಿ ಬೀಳುವವರೂ ಇರುತ್ತಾರಂತೆ. ಒಂದು ಕೈ ಬಿಟ್ಟಿದ್ದೇನೆ. ಎರಡನೆಯದನ್ನೂ ಬಿಡಬಹುದು ಅಂತ ಅವಳು ಹೇಳುತ್ತಾಳೆ, ಬಿಟ್ಟೇ ಬಿಡಬೇಕು ಅಂತ ನನಗೇನೂ ಹಟ ಇಲ್ಲ. ಯಜಮಾನರಿಗೆ ಕಣ್ಣಿನ ಡಾಕ್ಟರ್ ಒಪ್ಪಿಗೆ ಸಿಕ್ಕಿದೆ. ಅವರು ನನಗಿಂತ ಎತ್ತರ, ಕಂಬಿಯನ್ನು ಎರಡು ತೂತು ಮೇಲಕ್ಕೆ ಏರಿಸಬೇಕು. ರೈಟರಿಗೆ ಹೇಳಿ ಕಳಿಸಿದ್ದೇನೆ.